ಮಂಗಳದ ಪದರ

ಮಾತು ಹಾಲಿನಂತೆ ಕೆಡತೊಡಗಿದ ಕಾಲವದು. ಯುಗಾದಿಗೆ ಹುಟ್ಟಿದ ಪದ ದಸರೆಯ ಹೊತ್ತಿಗೆ ಹಳಸಿರುತ್ತಿತ್ತು. ಆಮೇಲೆ ಅದನ್ನು ಆಡಿದವರನ್ನು ಕಂಡು ಹುಡುಗರು ಮುಸಿಮುಸಿ ನಗುತ್ತಿದ್ದರು. ಒಂದೊಂದು ಗೆಳೆಯರ ಗುಂಪಿಗೂ ಅದರದ್ದೇ ಒಂದು ಕನ್ನಡ. ಆ ಗುಂಪಿಗೆಂದೇ ಫೋನುಗಳು ದಿನವಿಡೀ ಹೆಣೆದು ಕೊಡುತ್ತಿದ್ದ ಹಾಡು, ನಗೆ, ಚಿತ್ರಗಳ ನಡುವೆ ಅದು ಮೊಳೆತು, ಅಲ್ಲೇ ಚಿಗುರಿ, ಅಲ್ಲೇ ಬಾಡುತ್ತಿತ್ತು. ಪಕ್ಕದ ಬೀದಿಯ ಹುಡುಗರಿಗೇ ಪೂರ್ತಿ ತಿಳಿಯದ ಮೇಲೆ ಮನೆಯ ಹಿರಿಯರ ಪಾಡೇನು? ಊಟಕ್ಕೆ ಕೂತಾಗ ಮಕ್ಕಳು ಏನೋ ಹೇಳುವರು, ಹಿರಿಯರು ‘ಹೌದಾ’ ಎನ್ನುವರು. ಆಮೇಲೆ ಸಾರಿನ ಸೌಟಿನ ಸದ್ದೊಂದೇ.

ಮೈಸೂರಿನ ಚಾಮುಂಡಿಪುರಂನ ರುಕ್ಮಾಂಗದರಾಯರ ಮನೆಯೂ ಹಾಗೇ ಇತ್ತು. ರಾಯರಿಗೆ ಎಪ್ಪತ್ತು ದಾಟಿತ್ತು. ಮಗಳು ಸಿಂಚನ ಬಸ್ ಡಿಪೋದ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಕೆಲಸ ಮಾಡುವವಳು. ಅವಳ ಮಗಳು ಇಬ್ಬನಿ ಆಗಷ್ಟೇ ಕಾಲೇಜು ಸೇರಿದ್ದಳು.

“ತಾತ, ಇವತ್ತು ಕ್ಲಾಸು ಫುಲ್ ಇಡ್ಲಿತಟ್ಟೆ,” ಎಂದಳು ಒಂದು ಸಂಜೆ ಚಪ್ಪಲಿ ಬಿಡುತ್ತ.

“ಹಸಿವಾಗಿತ್ತೇನೇ ಪುಟ್ಟಿ?”

ಇಬ್ಬನಿ ಗೋಡೆ ಹಿಡಿದು ನಕ್ಕಳು. “ಅಯ್ಯೋ ತಾತ! ಎಲ್ರೂ ಸೆಕೇಲಿ ಸಾಲಾಗಿ ಬೆಂದು ಕೂತಿದ್ರು ಅಂತ.”

“ಏನು ಭಾಷೆಯೋ ನಿಮ್ಮದು! ನಮ್ಮ ಕಾಲದಲ್ಲಿ ಎಷ್ಟು ಅಚ್ಚುಕಟ್ಟಾಗಿ ಮಾತಾಡ್ತಿದ್ವಿ. ‘ಸಖತ್ತಾಗಿದೆ ಮಗಾ’ ಅಂದ್ರೆ ಇಡೀ ಊರಿಗೆ ಅರ್ಥ ಆಗ್ತಿತ್ತು.”

“ನೀವು ಹಾಗಂದಾಗೆಲ್ಲ ಅಜ್ಜಿ ಸೌಟು ತಗೊಂಡು ಬರ್ತಿದ್ರಂತಲ್ಲ ಅಪ್ಪ,” ಎಂದಳು ಸಿಂಚನ ಒಳಗಿನಿಂದ.

ರಾಯರಿಗೆ ನಗು ಬಂದರೂ ಒಳಗೊಂದು ಕಡೆ ಚುರುಕ್ಕೆಂದಿತು. ಯಾಕೆಂದರೆ ಅರ್ಥ ಹೇಳುವುದೇ ಅವರ ಬದುಕಾಗಿತ್ತು. ಕೂಸಾಗಿದ್ದಾಗ ತಂದೆಯ ತೊಡೆಯ ಮೇಲೆ ಮಲಗಿ ಕಾವ್ಯವಾಚನ ಕೇಳುತ್ತ ನಿದ್ದೆಹೋದವರು ಅವರು. ಬೆಳೆದು ಗಮಕದ ವ್ಯಾಖ್ಯಾನಕಾರರಾದರು. ಹೆಂಡತಿ ಕಮಲಾಕ್ಷಿ ಹಳಗನ್ನಡದ ಪದ್ಯವನ್ನು ರಾಗವಾಗಿ ವಾಚಿಸಿ ನಿಲ್ಲಿಸುವರು; ಪಕ್ಕದಲ್ಲಿ ಕೂತ ರಾಯರು ಅದನ್ನು ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ ಸಭೆಯ ಕೈಗಿಡುವರು. ಕಮಲಾಕ್ಷಿ ತೀರಿಕೊಂಡ ಮೇಲೆ ರಾಯರು ಸಭೆಗಳಿಗೆ ಹೋಗುವುದು ನಿಂತಿತ್ತು. ಆದರೆ ಅವರ ವ್ಯಾಖ್ಯಾನದ ಧ್ವನಿಮುದ್ರಣಗಳು ಊರೆಲ್ಲ ಹರಡಿದ್ದವು.

ಆ ವ್ಯಾಖ್ಯಾನಕ್ಕೆ ಎರಡು ಗುಣಗಳಿದ್ದವು. ಸಭೆಯಲ್ಲಿ ಮಕ್ಕಳಿರುತ್ತಾರೆ, ಮುತ್ತೈದೆಯರಿರುತ್ತಾರೆ. ಆದ್ದರಿಂದ ಪದ್ಯದಲ್ಲಿ ಹಸಿಯಾದ ಬೈಗುಳ, ಎದೆ ಬಿರಿಯುವ ಗೋಳು ಬಂದರೆ ರಾಯರು ಒಂದೇ ಮಾತಿನಲ್ಲಿ ಸೂಚಿಸಿ, “ಮುಂದೆ ಹೋಗೋಣ” ಎನ್ನುತ್ತಿದ್ದರು. ಇನ್ನೊಂದು, ಅವರ ತಂದೆಯ ಕಾಲದಿಂದ ಬಂದ ಕಟ್ಟಳೆ: ಸಾವಿನಲ್ಲಿ, ಶಾಪದಲ್ಲಿ, ಕಣ್ಣೀರಿನಲ್ಲಿ ಅಂದಿನ ಓದನ್ನು ನಿಲ್ಲಿಸುವಂತಿಲ್ಲ. ಹೊತ್ತಾದರೂ ಸರಿ, ಇನ್ನೆರಡು ಪದ್ಯ ಮುಂದೆ ಹೋಗಿ ಒಂದು ಶುಭದ ಮಾತು ಮುಟ್ಟಿಯೇ ಪುಸ್ತಕ ಮುಚ್ಚಬೇಕು. ಅದು ಸಿಗದಿದ್ದರೆ ರಾಯರು ತಾವೇ ಒಂದನ್ನು ಕೂಡಿಸಿ, “ಎಲ್ಲರಿಗೂ ಮಂಗಳವಾಗಲಿ” ಎಂದು ಕೈಮುಗಿಯುತ್ತಿದ್ದರು. ಜನ ಕಣ್ಣೊರೆಸಿಕೊಂಡು, ಹಗುರಾಗಿ, ಪ್ರಸಾದ ತಗೊಂಡು ಮನೆಗೆ ಹೋಗುತ್ತಿದ್ದರು.

ಈ ವ್ಯಾಖ್ಯಾನವನ್ನು ಹುಡುಕಿಕೊಂಡೇ ಡಾಕ್ಟರ್ ಸ್ನೇಹಾ ಹೂಗಾರ ರಾಯರ ಮನೆಗೆ ಬಂದದ್ದು. ಬೆಟ್ಟದ ದಾರಿಯಲ್ಲಿದ್ದ ಒಂದು ಪ್ರಯೋಗಾಲಯದ ಮುಖ್ಯಸ್ಥೆ, ಬಾಗಲಕೋಟೆಯ ಕಡೆಯವರು. ಜೇಬಿನಿಂದ ತೆಗೆದು ರಾಯರ ಅಂಗೈಗಿಟ್ಟದ್ದು ಹುಣಸೆಬೀಜದಷ್ಟು ದೊಡ್ಡ ಒಂದು ಮಣಿ.

“ಕಿವಿ ಹಿಂದ ಅಂಟಿಸ್ಕೋಬೇಕ್ರಿ. ಇದರ ಹೆಸರು ಕಿವಿಮಾತು. ಎದುರಿಗೆ ಹುಡುಗರು ಏನರ ಅಂದ್ರ, ಅರ್ಧ ಉಸಿರು ತಡದು, ಅದರ ಅರ್ಥ ನಿಮ್ಮ ಕನ್ನಡದಾಗ ನಿಮಗಷ್ಟ ಕೇಳಂಗ ಹೇಳ್ತೈತಿ.”

“ಯಂತ್ರಕ್ಕೆ ಅಷ್ಟೆಲ್ಲ ಬರುತ್ತಾ?”

“ಶಬ್ದದ ಅರ್ಥ ಬರ್ತೈತ್ರಿ ರಾಯರ. ಆದ್ರ ಹೇಳೋ ರೀತಿ ಬರವಲ್ಲದು. ಮೊನ್ನೆ ಒಬ್ಬ ಅಜ್ಜಾಗ ಅವನ ಮೊಮ್ಮಗ ಅಂದದ್ದು ಇದ್ದದ್ದಿದ್ದಂಗ ಹೇಳಿತು. ಅಜ್ಜ ಮಣಿ ಕಿತ್ತು ಬಾವಿಗೆ ಒಗದ. ಅರ್ಥ ಹೆಂಗ ಹೇಳಬೇಕು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ತಡೀಬೇಕು, ಅದು ನಿಮ್ಮ ಕಡಿಂದ ಕಲಿಬೇಕು. ನಿಮ್ಮ ಮುದ್ರಣ ಎಲ್ಲಾ ಅದಕ್ಕ ಕೇಳಸ್ತೀವಿ. ನಿಮ್ಮ ದನೀನ ಕೊಡ್ತೀವಿ.”

ಹೆಂಡತಿ ಹೋದ ಮೇಲೆ ಯಾರಿಗೂ ಬೇಡವಾಗಿದ್ದ ಧ್ವನಿ. ರಾಯರು ಎರಡನೇ ಮಾತಿಲ್ಲದೆ ಒಪ್ಪಿದರು.

“ಇನ್ನೊಂದು ತೊಡಕು ಐತ್ರಿ,” ಎಂದರು ಹೂಗಾರ. “ಹೊಸಾ ಶಬ್ದ ಬೇಕು. ಹುಡುಗರು ನಮ್ಮ ಮುಂದ ಬಾಯಿ ಬಿಡಂಗಿಲ್ಲ. ನಿಮ್ಮ ಮನಿಯಾಗ ಹುಡುಗಿ ಅದಾಳಂತಲ್ಲ?”

ಹುಡುಗಿ ಇದ್ದಳು. ಅಷ್ಟೇ ಅಲ್ಲ, ಇಡ್ಲಿತಟ್ಟೆಯ ಆ ದಿನದ ನಂತರ ಅವಳಿಗೆ ತಾತನಿಗೆ ಪಾಠ ಹೇಳುವ ಹುಚ್ಚು ಹಿಡಿದಿತ್ತು. ಸಂಜೆ ರಾಯರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ದೇವರಿಗೆ ಹತ್ತಿಯ ಬತ್ತಿ ಹೊಸೆಯುವರು. ಇಬ್ಬನಿ ಒಂದು ಮೆಟ್ಟಿಲು ಮೇಲೆ ಕೂತು ಪದಗಳನ್ನು ಬಿಡಿಸುವಳು. ಗುಂಪಿನಿಂದ ಹೊರಹಾಕುವುದಕ್ಕೆ ‘ಅನ್‌ಪಿನ್’. ಎಲ್ಲರೂ ಒಟ್ಟಾಗಿ ಮಾತು ಬಿಡುವುದಕ್ಕೆ ‘ಶಟರ್’. ಅಳು ಬಂದೂ ಅಳಲಾಗದೆ ಕೂರುವುದಕ್ಕೆ ‘ಲೋಡಿಂಗ್’.

“ಕಣ್ಣೀರು ಮಡುಗಟ್ಟಿತು ಅಂತ ನಮ್ಮಲ್ಲಿ,” ಎಂದರು ರಾಯರು.

“ನೋಡಿ, ನಿಮ್ದೂ ಸುಮಾರಾಗಿದೆ,” ಎಂದಳು ಇಬ್ಬನಿ ದೊಡ್ಡ ಮನಸ್ಸು ಮಾಡಿದವಳಂತೆ.

ಒಂದು ದಿನ ಅವಳು ಬಗ್ಗಿ ಅವರ ಕಿವಿಯ ಹತ್ತಿರ ಬಂದಳು. “ಇವತ್ತಿಂದು ಸ್ಪೆಶಲ್ಲು. ದೋಟಿ.”

“ದೋಟಿ ಗೊತ್ತಲ್ಲ. ಎತ್ತರದ ಹೂವು ಕೀಳೋ ಕೊಕ್ಕೆಕೋಲು.”

“ನಾನೇ ಮಾಡಿದ ಪದ ತಾತ, ನಿಮ್ಮಿಂದಲೇ! ದಿನಾ ಬೆಳಿಗ್ಗೆ ವಾಕಿಂಗ್‌ನಿಂದ ಬಂದು ಬೈತಿರ್ತೀರಲ್ಲ, ಕಂಡೋರ ಕಾಂಪೌಂಡಿಗೆ ದೋಟಿ ಹಾಕಿ ದೇವರಿಗೆ ಹೂವು ಕದೀತಾರೆ ಅಂತ. ಬೇರೆಯವರದ್ದನ್ನ ಕೇಳದೆ ತಗೊಂಡು, ಒಳ್ಳೇ ಕೆಲಸಕ್ಕೆ ತಾನೇ ಅಂತ ಎದೆ ಉಬ್ಬಿಸಿ ನಡೆಯೋರು ಇರ್ತಾರಲ್ಲ, ಅವರು ದೋಟಿ. ನಮ್ಮ ಗ್ಯಾಂಗಲ್ಲಿ ಎಂಟೇ ಜನಕ್ಕೆ ಗೊತ್ತು. ಈಗ ನಿಮಗೆ. ಯಾರಿಗೂ ಹೇಳ್ಬಾರ್ದು.”

“ಯಾರಿಗೆ ಹೇಳಲಿ ನಾನು,” ಎಂದರು ರಾಯರು ನಗುತ್ತ. ಅವರು ಒಂದು ದಿನವೂ ಬೇರೆಯವರ ಹೂವಿಗೆ ಕೈ ಹಾಕಿದವರಲ್ಲ. ಆ ಹೊತ್ತಿನಲ್ಲಿ ಅವರ ಕಿವಿಯ ಹಿಂದೆ ಹುಣಸೆಬೀಜದಂಥ ಮಣಿ ಇತ್ತು.

ಮಣಿ ಇರುವುದು ಇಬ್ಬನಿಗೆ ಗೊತ್ತಿತ್ತು. ಅದು ಕೇಳಿಸಿಕೊಂಡು ಅರ್ಥ ಹೇಳುತ್ತದೆ ಎಂದು ರಾಯರು ಹೇಳಿದ್ದರು. ಕೇಳಿಸಿಕೊಂಡದ್ದನ್ನು ಬೆಟ್ಟದ ದಾರಿಗೆ ಒಯ್ಯುತ್ತದೆ ಎಂಬುದನ್ನು ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಹೇಳಿದರೆ ಪಾಠ ನಿಂತೀತು ಎಂಬ ಒಂದು ಸಣ್ಣ ಅಳುಕು. ಹುಡುಗಿಯ ಒಪ್ಪಿಗೆ ಇದೆಯಷ್ಟೆ ಎಂದು ಹೂಗಾರ ಕೇಳಿದಾಗಲೂ, “ಮನೆಯ ಮಗು, ಅವಳನ್ನೇನು ಕೇಳೋದು,” ಎಂದುಬಿಟ್ಟಿದ್ದರು.

ಮಳೆಗಾಲ ಕಳೆಯುವುದರೊಳಗೆ ಕಿವಿಮಾತು ಮೈಸೂರಿನ ನೂರಾರು ಮನೆಗಳಿಗೆ ಪರೀಕ್ಷೆಗೆಂದು ಹೋಯಿತು. ಹಿರಿಯರು ಹಿಗ್ಗಿದರು. ಊಟದ ಹೊತ್ತಿನ ಮೌನ ಒಡೆಯಿತು. ಬೆಳಗಿನ ವಾಕಿಂಗಿನಲ್ಲಿ ಜನ ರಾಯರನ್ನು ತಡೆದು ಕೈ ಹಿಡಿದುಕೊಳ್ಳುತ್ತಿದ್ದರು. “ನಿಮ್ಮ ಧ್ವನೀಲಿ ನಮ್ಮ ಮೊಮ್ಮಗನ ಮಾತು ಕೇಳ್ತೀವಲ್ಲ ಸ್ವಾಮಿ, ಪುರಾಣ ಕೇಳಿದ ಹಾಗಾಗುತ್ತೆ.” ನಿವೃತ್ತ ಬ್ಯಾಂಕು ಮ್ಯಾನೇಜರೊಬ್ಬರು ಪಾರ್ಕಿನ ಬೆಂಚಿನಲ್ಲಿ ಕೂತು, ಎದುರಿನ ಕಾಂಪೌಂಡಿನ ದಾಸವಾಳಕ್ಕೆ ಕೋಲು ಚಾಚಿದವರನ್ನು ತೋರಿಸಿ, “ನೋಡ್ರೀ, ದೋಟಿ!” ಎಂದು ತೊಡೆ ತಟ್ಟಿ ನಕ್ಕರು. “ಈಗಿನ ಹುಡುಗರ ಪದ. ಕಿವಿಮಾತು ಹೇಳಿಕೊಟ್ಟಿತು. ಎಂಥಾ ಚುರುಕು ಅಂತೀನಿ!” ರಾಯರು ತಾವೂ ನಕ್ಕರು. ಬೆಂಚಿನ ಹಿಂದೆ ಸೈಕಲ್ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ನಗದೆ ಅವರನ್ನೇ ನೋಡಿದ್ದು ಅವರ ಗಮನಕ್ಕೆ ಬಂತು. ಇಬ್ಬನಿಯ ಗೆಳತಿ ಇರಬೇಕು ಎಂದುಕೊಂಡು ಕೈ ಎತ್ತಿದರು. ಅವಳು ಸೈಕಲ್ ಹತ್ತಿ ಹೊರಟುಹೋದಳು.

ಅದಾದ ಕೆಲವು ದಿನಕ್ಕೆ ಇಬ್ಬನಿ ಹಿತ್ತಿಲಿಗೆ ಬಂದು, ಮೇಲಿನ ಮೆಟ್ಟಿಲಲ್ಲಿ ಅಲ್ಲ, ಅವರ ಪಕ್ಕದಲ್ಲೇ ಕೂತಳು. ಮಂಡಿಗೆ ಗಲ್ಲ ಊರಿ ಒಂದೇ ಉಸಿರಿಗೆ ಹೇಳಿದಳು.

“ಅನ್‌ಪಿನ್ ಆದೆ ತಾತ. ಫುಲ್ ಶಟರ್. ದೋಟಿ ಲೀಕ್ ಆಗಿದ್ದು ನನ್ನಿಂದ್ಲೇ ಅಂತ. ಕ್ಯಾಂಟೀನಲ್ಲಿ ನಾನು ಕೂತ್ರೆ ಬೆಂಚು ಖಾಲಿ. ಬೆಳಿಗ್ಗೆಯಿಂದ ಲೋಡಿಂಗು, ಇಳೀತಾನೇ ಇಲ್ಲ.”

ಅವಳು ನಿಲ್ಲಿಸಿದಳು. ಅರ್ಧ ಉಸಿರು ತಡೆದು, ರಾಯರ ಕಿವಿಯಲ್ಲಿ ರಾಯರದೇ ಧ್ವನಿ ತಣ್ಣಗೆ ಹೇಳಿತು: ‘ಗೆಳತಿಯರ ನಡುವೆ ಒಂದು ಸಣ್ಣ ಮನಸ್ತಾಪ ಬಂದಿದೆ. ಮನಸ್ಸಿಗೆ ತುಸು ಬೇಸರ. ಕಾಲ ಕಳೆದಂತೆ ಎಲ್ಲ ತಿಳಿಯಾಗುತ್ತದೆ.’

‘ಅನ್‌ಪಿನ್’ ಅವಳೇ ಕಲಿಸಿದ ಪದ, ‘ಲೋಡಿಂಗ್’ ಕೂಡ. ರಾಯರು ತಾವೇ ನೆನಪು ಮಾಡಿಕೊಂಡಿದ್ದರೆ ಸಾಕಿತ್ತು. ಆದರೆ ಕಿವಿಯಲ್ಲೇ ಅರ್ಥ ಸಿಗುವಾಗ ನೆನಪನ್ನು ಯಾರು ಕೆದಕುತ್ತಾರೆ? ಅವರು ಬತ್ತಿಯನ್ನು ಎಣ್ಣೆಗೆ ಅದ್ದಿ, ಅವಳ ತಲೆ ಸವರಿ, “ಎಲ್ಲ ಒಳ್ಳೇದಾಗುತ್ತೆ ಕೂಸೇ,” ಎಂದು ನಕ್ಕರು.

ಇಬ್ಬನಿ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಮತ್ತೆ ಬಂದಳು. ಒಂದು ಸಲವಲ್ಲ, ದಿನವೂ ಬಂದಳು. ಮನೆಯ ಕನ್ನಡದಲ್ಲಿ ಅಳುವುದನ್ನು ಆ ಹುಡುಗಿ ಕಲಿತೇ ಇರಲಿಲ್ಲ. ನೋವು ಬಂದದ್ದು ಯಾವ ಮಾತಿನಲ್ಲೋ, ಹೇಳಲು ಬರುತ್ತಿದ್ದುದೂ ಆ ಮಾತಿನಲ್ಲೇ. ತಾತನಿಗೆ ಮಣಿಯಿದೆ, ಮಣಿ ಎಲ್ಲ ಹೇಳುತ್ತದೆ ಎಂಬ ಧೈರ್ಯದಲ್ಲಿ ಅವಳು ಹೇಳುತ್ತ ಹೋದಳು. ಅವರು ಹರಸುತ್ತ ಹೋದರು.

ಕಿವಿಮಾತನ್ನು ಇಡೀ ರಾಜ್ಯಕ್ಕೆ ಬಿಡುಗಡೆ ಮಾಡುವ ಸಮಾರಂಭ ಹತ್ತಿರವಾಗಿತ್ತು. ಮಣಿ ಮುದ್ರಿಸಿಕೊಂಡ ಇಬ್ಬನಿಯ ಧ್ವನಿಯನ್ನು ಅಲ್ಲಿ ಕೇಳಿಸಿ, ಅದರ ಅರ್ಥವನ್ನು ಕಿವಿಮಾತಿನಿಂದ ಹೇಳಿಸುವ ಏರ್ಪಾಡಿತ್ತು. ಆ ಸುದ್ದಿಯನ್ನು ರಾಯರೇ ಹೆಮ್ಮೆಯಿಂದ ಮನೆಯಲ್ಲಿ ಹೇಳಿದರು. ಇಬ್ಬನಿ ಬಿಳಿಚಿಕೊಂಡಳು.

“ನನ್ನ ವಾಯ್ಸಾ? ತಾತ, ಸ್ಟೇಜಲ್ಲಿ ಅದು ಬಂದ್ರೆ ನಾನು ಪರ್ಮನೆಂಟ್ ಅನ್‌ಪಿನ್ನು. ಕಾಲೇಜಿಗೆ ಕಾಲಿಡೋಕಾಗಲ್ಲ. ತೆಗ್ಸಿ. ಪ್ಲೀಸ್ ತೆಗ್ಸಿ.”

‘ಸಭೆಯಲ್ಲಿ ತನ್ನ ಧ್ವನಿ ಕೇಳಿಬರುವುದಕ್ಕೆ ಹುಡುಗಿ ನಾಚಿಕೊಳ್ಳುತ್ತಿದ್ದಾಳೆ. ಮುಂದೆ ಹೆಮ್ಮೆಪಡುವಳು. ಶುಭವಾಗಲಿ.’

ಅವಳ ಆ ಮಾತಿನಲ್ಲಿ ರಾಯರಿಗೆ ತಿಳಿಯದ ಪದವೇ ಇರಲಿಲ್ಲ. ಆದರೂ ಅವರು ಕೇಳಿಸಿಕೊಂಡದ್ದು ಕಿವಿಯ ಹಿಂದಿನದನ್ನು. “ನಾಚಿಕೆ ಯಾಕೇ? ನಮ್ಮ ಮನೆತನಕ್ಕೇ ಹೆಸರು,” ಎಂದರು.

ಅಂದಿನಿಂದ ಇಬ್ಬನಿ ಮೆಟ್ಟಿಲಿಗೆ ಬರಲಿಲ್ಲ.

ಸಮಾರಂಭಕ್ಕೆ ಎರಡು ದಿನವಿದ್ದಾಗ ರಾಯರು ಮಣಿಯನ್ನು ಕಿಟಕಿಯ ಮೇಲೆ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದರು. ಅದಕ್ಕೆ ಶಕ್ತಿ ಬರುತ್ತಿದ್ದುದು ಬಿಸಿಲಿನಿಂದ. ಬಚ್ಚಲಿನ ಗೋಡೆಯಾಚೆ ತಾಯಿ ಮಗಳ ಮಾತು ನಡೆಯುತ್ತಿತ್ತು.

“ಕಾಲೇಜಿಗೆ ಹೋಗ್ದೆ ವಾರ ಆಯ್ತಂತೆ. ಲೆಕ್ಚರರ್ ಫೋನ್ ಮಾಡಿದ್ರು. ಡಿಪೋದಲ್ಲಿ ಎಲ್ಲರ ಮುಂದೆ ತಲೆ ತಗ್ಗಿಸಿದೆ ನಾನು. ಏನಾಗಿದೆ ನಿಂಗೆ? ಬಾಯಿ ಬಿಟ್ಟು ಹೇಳ್ಬಾರ್ದಾ?”

“ಹೇಳಿದೀನಿ.”

“ಯಾರಿಗೆ?”

“ತಾತಂಗೆ. ಎಲ್ಲಾನೂ ಹೇಳಿದೀನಿ ಅಮ್ಮ, ದಿನಾ ಹೇಳಿದೀನಿ. ಅವರ ಮಣಿಯಿಂದಲೇ ನನ್ನ ಫ್ರೆಂಡ್ಸ್ ಎಲ್ಲ ಹೋದ್ರು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ನಗ್ತಾರೆ. ತಲೆ ಸವರಿ ನಗ್ತಾರೆ.”

ಮಣಿಯಿಲ್ಲದ ಕಿವಿಗೆ ಬಿದ್ದ ಆ ಮಾತು ಅಚ್ಚ ಮನೆಗನ್ನಡದಲ್ಲಿತ್ತು. ರಾಯರು ಚೊಂಬು ಹಿಡಿದುಕೊಂಡು ನಿಂತಲ್ಲೇ ನಿಂತರು. ನೀರು ಆರಿ ತಣ್ಣಗಾದರೂ ಮೈಗೆ ಹಾಕಿಕೊಳ್ಳಲು ಕೈ ಏಳಲಿಲ್ಲ.

ಅಂದು ಮಧ್ಯಾಹ್ನ ಅವರು ಪ್ರಯೋಗಾಲಯದ ಕೊಠಡಿಯಲ್ಲಿ ಹೂಗಾರರ ಎದುರು ಕೂತಿದ್ದರು. ಗೋಡೆಯ ತುಂಬ ಮೈಸೂರಿನ ನಕ್ಷೆ. ಮಣಿ ಇರುವ ಒಂದೊಂದು ಮನೆಗೂ ಒಂದೊಂದು ಹಸಿರು ಚುಕ್ಕೆ.

“ಇಬ್ಬನಿ ನನಗೆ ಹೇಳಿದ್ದು ಬೇಕು. ಅವಳು ಹೇಳಿದ ಹಾಗೇ. ನನ್ನ ಧ್ವನಿ ಬೇಡ.”

ಹೂಗಾರ ಒಂದು ಗುಂಡಿ ತಿರುಗಿಸಿದರು. ಮೊದಲು ಇಬ್ಬನಿಯ ಮಾತು ಬಂತು. ಅದರ ಹಿಂದೆ ಯಾವ ರಾಗವೂ ಇಲ್ಲದ ಯಂತ್ರದ ಒಣ ದನಿ: ‘ನನ್ನನ್ನು ಗುಂಪಿನಿಂದ ಹೊರಹಾಕಿದರು. ಎಲ್ಲರೂ ಮಾತು ಬಿಟ್ಟರು. ನಾನು ಗುಟ್ಟು ಮಾರಿದವಳಂತೆ. ಬೆಳಗಿನಿಂದ ಅಳು ಗಂಟಲಲ್ಲಿ ನಿಂತಿದೆ.’ ಮರುದಿನದ್ದು. ಅದರ ಮರುದಿನದ್ದು. ಒಂದು ಕಡೆ, ‘ತಾತ, ನಿಮಗೆ ಕೇಳಿಸುತ್ತಿದೆಯಾ?’ ಎಂದಿತು. ಅದಕ್ಕೆ ಅರ್ಥ ಹೇಳುವ ಅಗತ್ಯವೇ ಇರಲಿಲ್ಲ.

“ಸಾಕು,” ಎಂದರು ರಾಯರು. “ಇದು ಕೆಟ್ಟಿದೆ. ಯಂತ್ರ ಕೆಟ್ಟಿದೆ.”

“ಕೆಟ್ಟಿಲ್ರಿ ರಾಯರ.” ಹೂಗಾರ ಮೆಲ್ಲಗೆ ಹೇಳಿದರು. “ಎಲ್ಲಾ ಶಬ್ದ ಬರೋಬ್ಬರಿ ತಿಳಕೊಂಡೈತಿ. ಮ್ಯಾಲ ಒಂದು ಪದರ ಐತಿ, ನಾವು ಮಂಗಳದ ಪದರ ಅಂತೀವಿ. ನಿಮ್ಮ ಮುದ್ರಣ ಎಲ್ಲಾ ಕೇಳಿ ಅದು ಕಲಿತದ್ದು ಇಷ್ಟ: ದುಃಖ ಬಂದ್ರ ಮುಂದ ಹೋಗಬೇಕು, ಮಾತು ಅಮಂಗಳದಾಗ ನಿಂದ್ರಬಾರದು. ನಿಂತ್ರ ತಾನ ಒಂದು ಶುಭ ಕೂಡಿಸಿ ಮುಗಸ್ತೈತಿ. ನಾವೂ ಬಿಟ್ವಿ. ಹಿರಿಯರು ಅಷ್ಟು ಖುಷಿ ಅದಾರಲ್ರಿ.”

ರಾಯರು ಗೋಡೆಯ ಹಸಿರು ಚುಕ್ಕೆಗಳನ್ನು ನೋಡಿದರು. ಒಂದೊಂದು ಚುಕ್ಕೆಯ ಹಿಂದೆಯೂ ಒಂದು ಮೆಟ್ಟಿಲು, ಒಂದು ಮಗು, ಒಬ್ಬ ತಾತನೋ ಅಜ್ಜಿಯೋ. ನಡುವೆ ತಮ್ಮ ಧ್ವನಿ, ಮುಂದೆ ಹೋಗೋಣ ಎನ್ನುತ್ತ. ತಮಗೆ ಪೇಟ ತೊಡಿಸಿದ ಸಭೆಗಳಲ್ಲಿ ಕಮಲಾಕ್ಷಿ ಮಗನನ್ನು ಕಳೆದುಕೊಂಡ ತಾಯಿಯ ಪದ್ಯವನ್ನು ಕಣ್ಣೀರಿಟ್ಟು ವಾಚಿಸಿ ನಿಲ್ಲಿಸಿದಾಗಲೂ ತಾವು ಹಾಗೇ ಅಂದದ್ದು ನೆನಪಾಯಿತು. ಆಗ ಕಮಲಾಕ್ಷಿ ತಿರುಗಿ ನೋಡಿದ ರೀತಿಯೂ ನೆನಪಾಯಿತು. ಮೊನ್ನೆ ಇಬ್ಬನಿ ನೋಡಿದ್ದು ಅದೇ ರೀತಿ.

“ಅವಳ ಪದಗಳನ್ನು ಹಿಂದಕ್ಕೆ ಕೊಡಿ.”

“ಹಿಟ್ಟಿನಾಗ ಕಲಸಿದ ಉಪ್ಪು ಹೆಂಗ ತಗೀಲ್ರಿ? ಆಕಿ ದನಿ ಸಮಾರಂಭದಾಗ ಕೇಳಸಂಗಿಲ್ಲ, ಅದು ನನ್ನ ಮಾತು. ಮಂಗಳದ ಪದರ ಬೇಕಾದ್ರ ತಗೀಬಹುದು, ಹಾಲಿನ ಮ್ಯಾಲಿನ ಕೆನಿ ಇದ್ದಂಗ. ಅದು ನಿಮ್ಮದು, ನೀವು ಹೇಳಿದ್ರ ಬ್ಯಾಡ ಅನ್ನಾಕ ಯಾರಿಗೂ ಬರಂಗಿಲ್ಲ. ಆದ್ರ ಒಮ್ಮೆಲೆ ತಗದ್ರ ಹಿರಿಯರು ಹೌಹಾರತಾರು. ಯಾಕ ತಗದ್ರಿ ಅಂತ ಕಾರಣ ಅವರಿಗೆ ಗೊತ್ತಾಗಬೇಕು. ವೇದಿಕಿ ಮ್ಯಾಲ ನೀವ ಹೇಳ್ರಿ. ನಿಮ್ಮ ಬಾಯಿಂದ ಬಂದ ಗಳಿಗ್ಗೆ ನಾ ಇಲ್ಲೆ ಗುಂಡಿ ತಿರವತೀನಿ.”

ರಾಯರು ಒಪ್ಪಿದರು. ಮನೆಗೆ ಬಂದು ಇಬ್ಬನಿಯ ಕೋಣೆಯ ಬಾಗಿಲಲ್ಲಿ ನಿಂತು, “ಸಭೆಗೆ ಬಾ ಕೂಸೇ. ನಿನ್ನ ಧ್ವನಿ ಇರೋದಿಲ್ಲ. ನಾನು ಒಂದು ಮಾತು ಹೇಳೋದಿದೆ,” ಎಂದಷ್ಟೇ ಹೇಳಿದರು. ಕ್ಷಮಿಸು ಎಂಬ ಪದ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

ಸಭಾಂಗಣ ಕಿಕ್ಕಿರಿದಿತ್ತು. ಎಲ್ಲ ನರೆತ ತಲೆಗಳು, ಎಲ್ಲ ಕಿವಿಗಳ ಹಿಂದೆಯೂ ಮಣಿ. ರಾಯರಿಗೆ ಜರಿಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಹಣ್ಣಿನ ತಟ್ಟೆ ಕೈಗಿತ್ತರು. ಕೊನೆಯ ಸಾಲಿನಲ್ಲಿ ಸಿಂಚನಳ ಪಕ್ಕ ಇಬ್ಬನಿ ಕೂತಿದ್ದಳು, ಬಾಗಿಲಿಗೆ ಹತ್ತಿರವಾಗಿ.

ರಾಯರು ಮೈಕಿನ ಮುಂದೆ ನಿಂತರು.

“ನಾನು,” ಎಂದರು, “ನನ್ನ ಮೊಮ್ಮಗಳ ಮಾತನ್ನು ಅವಳನ್ನು ಕೇಳದೆ ತಗೊಂಡೆ.”

ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ಅವಳು ನೋವು ಹೇಳಿಕೊಂಡಳು. ನಾನು ಕೇಳಿಸಿಕೊಳ್ಳಲಿಲ್ಲ. ನಿಮಗೂ ಕೇಳಿಸುತ್ತಿಲ್ಲ. ನೀವು ಕೇಳುತ್ತಿರುವುದು…”

ಮೊದಲ ಸಾಲಿನಲ್ಲಿ ಒಬ್ಬ ಅಜ್ಜಿ ಅವರನ್ನೇ ನೋಡುತ್ತಿದ್ದರು, ಬಾಯಿ ತುಸು ತೆರೆದು, ಏನೋ ಕೆಡುಕಿನ ಸುದ್ದಿ ಬರಲಿದೆಯೆಂದು ಹೆದರಿದ ಮಗುವಿನ ಹಾಗೆ. ಅಂಥ ಮುಖಗಳನ್ನು ರಾಯರು ಬದುಕಿಡೀ ಕಂಡಿದ್ದರು. ಅಂಥ ಮುಖ ಕಂಡೊಡನೆ ನಾಲಿಗೆ ಎತ್ತ ಹೊರಳಬೇಕೆಂಬುದನ್ನು ಅವರು ಯೋಚಿಸಿಯೇ ಇರಲಿಲ್ಲ. ಅದು ಉಸಿರಿನಷ್ಟು ರೂಢಿ. ಈಗಲೂ ಅದು ಹೊರಳಿತು.

“…ಆದರೆ ಮಕ್ಕಳ ಮನಸ್ಸು ದೊಡ್ಡದು. ಅವರು ನಮ್ಮನ್ನು ಮನ್ನಿಸುತ್ತಾರೆ. ಎಲ್ಲ ತಿಳಿಯಾಗುತ್ತದೆ. ಎಲ್ಲರಿಗೂ ಮಂಗಳವಾಗಲಿ.”

ಕೈಗಳು ತಾವಾಗಿ ಮುಗಿದಿದ್ದವು. ಅಜ್ಜಿಯ ಮುಖ ಅರಳಿತು. ಚಪ್ಪಾಳೆ ಭೋರೆಂದು ಎದ್ದಿತು. “ಎಂಥಾ ವಿನಯ!” ಎಂದರು ವೇದಿಕೆಯ ಮೇಲೆ ಯಾರೋ. ರಾಯರು ಕೊನೆಯ ಸಾಲಿನ ಕಡೆ ನೋಡಿದರು. ಇಬ್ಬನಿಯ ಕುರ್ಚಿ ಖಾಲಿಯಿತ್ತು.

ಅವರು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಪೇಟ, ಶಾಲು, ಹಾರವೆಲ್ಲ ಮೈಮೇಲೇ ಇದ್ದವು. ದಾರಿಯಲ್ಲಿ ತೆಗೆಯಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಇಬ್ಬನಿ ಹಿತ್ತಿಲ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಮಾತು ಅಂದಳು.

“ದೋಟಿ.”

ಕಿವಿಯ ಹಿಂದೆ ಮಣಿ ಅರ್ಧ ಉಸಿರು ತಡೆಯಿತು. ಅದು ಬಾಯಿ ತೆರೆಯುವ ಮೊದಲೇ ರಾಯರು ಅದನ್ನು ಕಿತ್ತು ಕಿಟಕಿಯ ಮೇಲಿಟ್ಟರು. ಪೇಟ ತೆಗೆದರು. ಕೆಳಗಿನ ಮೆಟ್ಟಿಲಲ್ಲಿ ಕೂತರು.

“ಅಂದರೆ ಏನು?”

“ಗೊತ್ತಿದೆ ನಿಮಗೆ.”

“ಗೊತ್ತಿದೆ. ಆದರೂ ಬಿಡಿಸಿ ಹೇಳು. ಕಥೆ ಗೊತ್ತಿದ್ದವರೂ ಬಂದು ಕೂರುತ್ತಿದ್ದರು ನಮ್ಮ ಸಭೆಗೆ.”

“ಮಣಿ ಹಾಕ್ಕೊಳಿ, ಅದೇ ಹೇಳುತ್ತೆ. ಚೆನ್ನಾಗಿ ಹೇಳುತ್ತೆ.”

“ಅದು ನಾನೇ ಇಬ್ಬನಿ. ನಾನು ಹೇಳಿದ್ದನ್ನೇ ನಾನು ಕೇಳಿಕೊಂಡು ಕೂತಿದ್ದೆ. ನೀನು ಹೇಳು.”

ಅವಳು ಹೇಳತೊಡಗಿದಳು. ಮೊದಲು ಬಿಕ್ಕುತ್ತ, ಆಮೇಲೆ ಸಿಟ್ಟಿನಿಂದ, ಮನೆಯ ಕನ್ನಡ ಅವಳ ಬಾಯಲ್ಲಿ ಮುಗ್ಗರಿಸುತ್ತಿದ್ದರೂ ಬಿಡದೆ. “ದೋಟಿ ಅಂದ್ರೆ ನೀವು. ನಾನು ನಂಬಿ ಕೊಟ್ಟಿದ್ದನ್ನ ಊರಿಗೆಲ್ಲ ಹಂಚಿದ್ರಿ. ಕೇಳಲೂ ಇಲ್ಲ. ಕದ್ದ ಹೂವು ಮುಡಿದು ಹಾರ ಹಾಕಿಸ್ಕೊಂಡು ಬಂದಿದೀರಿ. ಇವತ್ತು ಹೇಳ್ತೀರಿ ಅಂದ್ಕೊಂಡೆ. ಕೊನೇಗೆ ನಾನು ಮನ್ನಿಸಿದೆ ಅಂತಾನೂ ನೀವೇ ಹೇಳಿದ್ರಿ. ನಾನು ಮನ್ನಿಸಿಲ್ಲ ತಾತ. ಮನ್ನಿಸ್ತೀನೋ ಇಲ್ವೋ ನಂಗೇ ಗೊತ್ತಿಲ್ಲ.”

ನಿಲ್ಲಿಸಿ ಅವರ ಮುಖ ನೋಡಿದಳು. ಇನ್ನೇನು ಬರುತ್ತದೆಂದು ಅವಳಿಗೆ ತಿಳಿದಿತ್ತು.

ರಾಯರ ಕೈ ಅವಳ ತಲೆಯ ಕಡೆ ಅರ್ಧ ಎದ್ದಿತ್ತು. ಅದನ್ನು ಅವರು ಇಳಿಸಿಕೊಂಡರು. ನಾಲಿಗೆ ಹೊರಳಲು ಹವಣಿಸಿತು. ಹಲ್ಲು ಕಚ್ಚಿ ಹಿಡಿದರು. ಶಾಪದ ಪದ್ಯದಲ್ಲಿ ಓದು ನಿಂತಿತ್ತು. ಹಾಗೆ ನಿಂತಾಗ ಎದೆ ಹೀಗೆ ಉರಿಯುತ್ತದೆಂಬುದು ಅವರಿಗೆ ಅದುವರೆಗೆ ತಿಳಿದೇ ಇರಲಿಲ್ಲ.

ತುಸು ಹೊತ್ತಾದ ಮೇಲೆ ಅವರು ಫೋನು ತೆಗೆದು ಹೂಗಾರರಿಗೆ ಮಾಡಿದರು.

“ಹೇಳ್ರಿ ರಾಯರ. ಗುಂಡಿ ಮ್ಯಾಲ ಕೈ ಇಟ್ಕೊಂಡ ಕುಂತಿದ್ದೆ ನಾ.”

“ಈಗ ನಾನು ಹೇಳೋದು ಎಲ್ಲ ಮಣಿಗಳಿಗೂ ಹೋಗೋ ಹಾಗೆ ಮಾಡಿ.”

ಅತ್ತ ಏನೋ ಕಟಕಟ ಸದ್ದಾಯಿತು. “ಹೂಂ. ಹೇಳ್ರಿ.”

“ನಾನು ರುಕ್ಮಾಂಗದ. ನಿಮ್ಮ ಮನೆಯ ಮಕ್ಕಳು ನೋವು ಹೇಳಿಕೊಂಡಾಗಲೆಲ್ಲ ಅದನ್ನು ನುಂಗಿ, ನಿಮಗೆ ಹಿತವಾದದ್ದನ್ನು ಹೇಳುತ್ತ ಬಂದದ್ದು ನನ್ನ ಧ್ವನಿ. ಅದನ್ನು ಈಗ ತೆಗೆಸುತ್ತಿದ್ದೇನೆ. ಕಿವಿಮಾತು ಕಲಿತ ಪದಗಳಲ್ಲಿ ನನ್ನ ಮೊಮ್ಮಗಳಿಂದ ನಾನು ಕದ್ದವೂ ಇವೆ. ಕದ್ದವನು ನಾನು, ಅವಳು ಯಾರಿಗೂ ಮಾರಿದವಳಲ್ಲ. ಅವಳು ನನ್ನನ್ನು ಮನ್ನಿಸಿಲ್ಲ.”

ನಿಲ್ಲಿಸಿದರು. ಕಿಟಕಿಯ ಮೇಲಿದ್ದ ಮಣಿಯಲ್ಲಿ ಅದೇ ಮಾತು ಸೊಳ್ಳೆಯ ದನಿಯಷ್ಟು ಸಣ್ಣಗೆ ಕೇಳಿ, ಅದೂ ನಿಂತಿತು.

ಫೋನಿನಲ್ಲಿ ಹೂಗಾರ ಕಾದರು. “ಮುಂದ್ರಿ?”

“ಮುಂದೆ ಏನೂ ಇಲ್ಲಮ್ಮ. ಅಷ್ಟೇ.”

ಬೀದಿಯ ಆಚೆ ಯಾವುದೋ ಮನೆಯಲ್ಲಿ ಒಂದು ಕುರ್ಚಿ ಸರಿದ ಸದ್ದು, ಮುದಿ ದನಿಯೊಂದು ಯಾರನ್ನೋ ಹೆಸರು ಹಿಡಿದು ಕರೆದದ್ದು ಕೇಳಿಸಿತು. ರಾಯರು ಹಾರವನ್ನು ಕೊರಳಿಂದ ತೆಗೆದು ಮೆಟ್ಟಿಲ ಮೇಲಿಟ್ಟರು. ತಲೆ ಎತ್ತಲಾಗಲಿಲ್ಲ.

ಮೇಲಿನ ಮೆಟ್ಟಿಲಿಂದ ಇಬ್ಬನಿ ಏನೋ ಅಂದಳು. ಅವರು ಹಿಂದೆಂದೂ ಕೇಳಿರದ ಮಾತು, ಒರಟು, ಚಿಕ್ಕದು. ಬೈದಳೋ ಬೇರೇನೋ, ತಿಳಿಯಲಿಲ್ಲ.

“ಅಂದರೆ?” ಎಂದರು ರಾಯರು ನೆಲ ನೋಡುತ್ತಲೇ.

ಅವಳು ಮೂಗೊರೆಸಿಕೊಂಡಳು. ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದಳು. ಅವರು ಕಾದರು. ಗಮಕಿ ಪದ್ಯ ಮುಗಿಸುವವರೆಗೆ ವ್ಯಾಖ್ಯಾನಕಾರ ಬಾಯಿ ತೆರೆಯಬಾರದು.

“ಅಂದ್ರೆ,” ಎಂದು ಶುರುಮಾಡಿದಳು ಇಬ್ಬನಿ.